ಹತ್ತು ಗಡಿಗೆ, ನಾನೂರು ಅಗುಳು

ಪ್ರಶ್ನೆ: ಸಿಂಧನೂರಿನ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಐದು ಹಳ್ಳಿ, ಕೊನೆ ಭಾಗದಲ್ಲಿ ಐದು ಹಳ್ಳಿ, ಪ್ರತಿ ಹಳ್ಳಿಯಲ್ಲಿ 40 ಮನೆ, ಹೀಗೆ 400 ಮನೆಗಳ ಸಮೀಕ್ಷೆ ಮಾಡಿದೆವು. ‘ಕಳೆದ ವರ್ಷ ನಿಮ್ಮ ಮನೆಯಿಂದ ಯಾರಾದರೂ ಗುಳೆ ಹೋಗಿದ್ದರೇ?’ ಎಂಬ ಪ್ರಶ್ನೆಗೆ ಮೇಲ್ಭಾಗದ 200 ಮನೆಗಳಲ್ಲಿ 62, ಕೊನೆ ಭಾಗದ 200 ಮನೆಗಳಲ್ಲಿ 84 ಮನೆಯವರು ಹೌದು ಎಂದರು. ಕೈ-ಸ್ಕ್ವೇರ್ ಪರೀಕ್ಷೆ ಮಾಡಿದಾಗ ಪಿ ಮೌಲ್ಯ 0.022 ಬಂತು. ‘ವ್ಯತ್ಯಾಸ ಗಣನೀಯ, ಶೇ 98ರಷ್ಟು ಖಚಿತ’ ಎಂದು ವರದಿಯಲ್ಲಿ ಬರೆಯಿರಿ ಎನ್ನುತ್ತಾರೆ ನಮ್ಮ ಮುಖ್ಯಸ್ಥರು. 400 ಮನೆ ಯಾವ ಮೂಲೆಗೂ ಸಾಲದು ಎನ್ನುತ್ತಾರೆ ಸಹೋದ್ಯೋಗಿ. ಯಾರ ಮಾತು ಸರಿ? ಇದೇ ರೀತಿ ಒಟ್ಟು 24 ಪ್ರಶ್ನೆಗಳನ್ನು ಹೋಲಿಸಿದ್ದೇವೆ, ಮೂರು ಗಣನೀಯ ಎಂದು ಬಂದಿವೆ. ಹಳ್ಳಿವಾರು ಪಟ್ಟಿಯನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ಮುಖ್ಯಸ್ಥರ ವಾಕ್ಯ ತಪ್ಪು. ಸಹೋದ್ಯೋಗಿಯ ಗುಮಾನಿ ಸರಿ, ಅವರು ಕೊಟ್ಟ ಕಾರಣ ಸರಿಯಲ್ಲ. ನಾನೂರು ಮನೆ ಕಡಿಮೆಯೇನಲ್ಲ, ಕಡಿಮೆಯಾಗಿರುವುದು ಹಳ್ಳಿಗಳು. ಇದನ್ನು ನಿಮ್ಮ ಮುಖ್ಯಸ್ಥರಿಗೆ ಒಪ್ಪಿಸಬೇಕಾದರೆ ಸ್ವಲ್ಪ ದೂರ ನಡೆಯಬೇಕು, ಬೇಸರಪಡಬೇಡಿ.

ಮೊದಲು ನಿಮ್ಮ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿದೆ. ಗುಂಡಿ ಒತ್ತಿ ಉತ್ತರ ಪಡೆದವರಿಗೆ ಒಳಗೆ ಏನು ನಡೆಯಿತೆಂದು ಕಾಣುವುದಿಲ್ಲ. 400 ಮನೆಗಳಲ್ಲಿ ಗುಳೆ ಹೋದ ಮನೆಗಳು ಒಟ್ಟು 146. ಮೇಲ್ಭಾಗ, ಕೊನೆ ಭಾಗ ಎಂಬ ಭೇದವೇ ಇಲ್ಲದಿದ್ದರೆ ಎರಡೂ ಕಡೆ 73 ಇರಬೇಕಿತ್ತು, ಹೋಗದ ಮನೆಗಳು ಎರಡೂ ಕಡೆ 127. ನಿಮಗೆ ಸಿಕ್ಕಿದ್ದು 62 ಮತ್ತು 84. ಕೋಷ್ಟಕದ ನಾಲ್ಕೂ ಚೌಕಗಳಲ್ಲಿ 11ರ ಅಂತರ. 11ರ ವರ್ಗ 121. ಅದನ್ನು ಎರಡು ಚೌಕಗಳಲ್ಲಿ 73ರಿಂದ, ಉಳಿದೆರಡರಲ್ಲಿ 127ರಿಂದ ಭಾಗಿಸಿ, ನಾಲ್ಕನ್ನೂ ಕೂಡಿಸಿದರೆ 5.22. ಕಾರ್ಲ್ ಪಿಯರ್ಸನ್ 1900ರಲ್ಲಿ ಕೊಟ್ಟ ಕೈ-ಸ್ಕ್ವೇರ್ ಎಂದರೆ ಇಷ್ಟೇ. ಇಂಥ ಎರಡು ಸಾಲು, ಎರಡು ಕಂಬದ ಕೋಷ್ಟಕದಲ್ಲಿ ಈ ಸಂಖ್ಯೆ 3.84 ದಾಟಿದರೆ ಪಿ ಮೌಲ್ಯ 0.05ರ ಕೆಳಗಿಳಿಯುತ್ತದೆ. 5.22ಕ್ಕೆ 0.022 ಬರುತ್ತದೆ. ಕೂಡು-ಕಳೆಯಲ್ಲಿ ನಿಮ್ಮ ಕಡೆಯಿಂದ ತಪ್ಪಾಗಿಲ್ಲ.

ಹಾಗಾದರೆ 0.022 ಎಂದರೇನು? ಕಾಗೆ ಬಂದು ಕುಳಿತ ಗಳಿಗೆಯಲ್ಲೇ ತಾಳೆ ಹಣ್ಣು ಬಿದ್ದರೆ ಅದಕ್ಕೆ ಕಾಕತಾಳೀಯ ಎನ್ನುತ್ತೇವೆ. ಈ ಪರೀಕ್ಷೆಗಳೆಲ್ಲ ಕೇಳುವುದು ಆ ಒಂದೇ ಪ್ರಶ್ನೆಯನ್ನು: ಕಾಗೆಗೂ ಹಣ್ಣಿಗೂ ಸಂಬಂಧವಿಲ್ಲ ಎಂದೇ ಇಟ್ಟುಕೊಳ್ಳೋಣ, ಆಗಲೂ ಇಷ್ಟು ದೊಡ್ಡ ಅಂತರ ಎಷ್ಟು ಸಲ ತಾನಾಗಿಯೇ ಬಂದೀತು? ಕಾಲುವೆಯ ಸ್ಥಾನಕ್ಕೂ ಗುಳೆಗೂ ಏನೇನೂ ಸಂಬಂಧವಿಲ್ಲದಿದ್ದರೂ ಸಾವಿರ ಸಮೀಕ್ಷೆಗಳಲ್ಲಿ 22ರಲ್ಲಿ ಇಂಥ ಅಂತರವೋ ಇದಕ್ಕಿಂತ ದೊಡ್ಡದೋ ಕಂಡೀತು ಎಂದು ನಿಮ್ಮ ಕಂಪ್ಯೂಟರ್ ಹೇಳಿದೆ. ‘ಸಂಬಂಧವಿಲ್ಲ’ ಎಂಬುದು ಇಲ್ಲಿ ಹೊರಡುವಾಗಲೇ ಕಟ್ಟಿಕೊಂಡ ಬುತ್ತಿ. ಅದನ್ನೇ ತಿರುವಿ ‘ಸಂಬಂಧವಿರುವುದು ಶೇ 98 ಖಚಿತ’ ಎನ್ನಲು ಬರುವುದಿಲ್ಲ. ಮಳೆ ಬಂದರೆ ಅಂಗಳ ಒದ್ದೆಯಾಗುವುದು ಖಚಿತ. ಅಂಗಳ ಒದ್ದೆಯಾಗಿದ್ದರೆ ಮಳೆಯೇ ಬಂದಿತ್ತೆಂಬುದು ಖಚಿತವಲ್ಲ, ನಮ್ಮ ಊರುಗಳಲ್ಲಿ ಬೆಳಗಿನ ಹೊತ್ತು ಯಾರೋ ನೀರು ಹಾಕಿ ಸಾರಿಸಿರುತ್ತಾರೆ. ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಪಿ ಮೌಲ್ಯದ ಬಗ್ಗೆ ಒಂದು ಹೇಳಿಕೆಯನ್ನೇ ಹೊರಡಿಸಿ, ಹೀಗೆ ತಿರುವಿ ಓದಬೇಡಿ ಎಂದು ಎಚ್ಚರಿಸಿತು. ನಿಮ್ಮ ಮುಖ್ಯಸ್ಥರು ಒಂಟಿಯಲ್ಲ.

‘ಗಣನೀಯ’ ಎಂಬ ಪದದ ಮೇಲೂ ನನಗೆ ಸಿಟ್ಟಿದೆ. ಪತ್ರಿಕೆಯಲ್ಲಿ ‘ಜಲಾಶಯದ ಒಳಹರಿವಿನಲ್ಲಿ ಗಣನೀಯ ಏರಿಕೆ’ ಎಂದು ಓದಿದವರಿಗೆ ಗಣನೀಯ ಎಂದರೆ ದೊಡ್ಡದು. ಪರೀಕ್ಷೆಯ ಭಾಷೆಯಲ್ಲಿ ಅದರರ್ಥ ‘ಬರೀ ಆಕಸ್ಮಿಕ ಎಂದು ತಳ್ಳಿಹಾಕುವುದು ಕಷ್ಟ’ ಎಂದಷ್ಟೇ. 2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 6,36,699 ಮನೆಗಳನ್ನು ತಲುಪಿತು. ಅಷ್ಟು ಮನೆಗಳಿದ್ದರೆ ಶೇ 0.5ರಷ್ಟು, ಅಂದರೆ ನೂರಕ್ಕೆ ಬರೀ ಅರ್ಧ, ಅಂತರವೂ ಪರೀಕ್ಷೆ ದಾಟಿಬಿಡುತ್ತದೆ, ಆ ಅರ್ಧದಿಂದ ಯಾರ ಬದುಕೂ ಬದಲಾಗದಿದ್ದರೂ. ಇನ್ನು 0.05 ಎಂಬ ಗಡಿಯೇನು ಮಸ್ಕಿಯ ಬಂಡೆಯ ಮೇಲೆ ಕೆತ್ತಿದ ಅಶೋಕನ ಶಾಸನವಲ್ಲ. ಇಪ್ಪತ್ತಕ್ಕೆ ಒಂದು ಎಂಬುದು ಅನುಕೂಲವಾದ ಗೆರೆ ಎಂದು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1925ರಲ್ಲಿ ಬರೆದರು, ಜಗತ್ತು ಅದನ್ನು ಹಿಡಿದುಕೊಂಡು ಕುಳಿತಿತು.

ಇಷ್ಟಾದರೂ ಇವು ಮಾತಿನ ತಪ್ಪುಗಳು. ದೊಡ್ಡ ತಪ್ಪು ಎಣಿಕೆಯಲ್ಲಿದೆ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು, ಏಕೆಂದರೆ ಒಂದು ಗಡಿಗೆಯ ಅಗುಳುಗಳೆಲ್ಲ ಒಂದೇ ಒಲೆಯ ಮೇಲೆ ಬೆಂದಿರುತ್ತವೆ. ಹತ್ತು ಗಡಿಗೆಗಳಿಂದ ನಲವತ್ತು ನಲವತ್ತು ಅಗುಳು ತೆಗೆದು ಹಿಚುಕಿದವರು ನಾನೂರು ಗಡಿಗೆ ನೋಡಿದ್ದೇವೆ ಎನ್ನಬಹುದೇ? ನೋಡಿದ್ದು ಹತ್ತನ್ನು. ಕೈ-ಸ್ಕ್ವೇರ್ ಸೂತ್ರವಾದರೋ ಪ್ರತಿ ಅಗುಳೂ ಬೇರೆ ಬೇರೆ ಗಡಿಗೆಯದೆಂದು ನಂಬಿ ಲೆಕ್ಕ ಮಾಡುತ್ತದೆ. ನಿಮ್ಮ ಮನೆಗಳು ಹಾಗಿಲ್ಲ. ಒಂದೇ ಹಳ್ಳಿಯ ನಲವತ್ತು ಮನೆಗಳಿಗೆ ನೀರು ಬರುವುದು ಒಂದೇ ಉಪಕಾಲುವೆಯಿಂದ. ಗುಳೆಯ ವಿಷಯದಲ್ಲಂತೂ ಈ ಹೋಲಿಕೆ ಇನ್ನೂ ಗಟ್ಟಿ: ಮೇಸ್ತ್ರಿ ಒಬ್ಬ ಬಂದು ಮುಂಗಡ ಕೊಡುತ್ತಾನೆ, ಒಂದೇ ಓಣಿಯ ಎಂಟು-ಹತ್ತು ಮನೆಯವರು ಒಂದೇ ಗಾಡಿ ಹತ್ತಿ ಬೆಂಗಳೂರಿನ ಒಂದೇ ಕಟ್ಟಡದ ಕೆಲಸಕ್ಕೆ ಇಳಿಯುತ್ತಾರೆ. ಅವು ಹತ್ತು ತೀರ್ಮಾನಗಳಲ್ಲ, ಹೆಚ್ಚುಕಡಿಮೆ ಒಂದೇ ತೀರ್ಮಾನ. ‘ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ’ ಎಂದು ಕೇಳಿದ್ದರೆ ನೆರೆಮನೆಗಳು ಇಷ್ಟು ಒಂದೇ ತಾಳಕ್ಕೆ ಕುಣಿಯುತ್ತಿರಲಿಲ್ಲ.

ನಾನೂ ಇದೇ ಹಳ್ಳಕ್ಕೆ ಬಿದ್ದವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೊಪ್ಪಳದ ಕಡೆ ಮುನ್ನೂರು ಮನೆಗಳ ಸಮೀಕ್ಷೆ ಮುಗಿಸಿ, ಪಿ ಮೌಲ್ಯದ ಪಕ್ಕ ‘ಗಣನೀಯ’ ಎಂದು ಸೂಚಿಸುವ ನಕ್ಷತ್ರ ಚಿಹ್ನೆ ಹಾಕಿ ಹಿಗ್ಗುತ್ತಿದ್ದೆ. ಜೀಪಿನ ಚಾಲಕರು ಡೀಸೆಲ್ ಲೆಕ್ಕಕ್ಕೆ ಸಹಿ ಹಾಕಿಸಿಕೊಳ್ಳಲು ಬಂದರು. ‘ಮುನ್ನೂರು ಕಡೆ ಹೋಗಿದ್ದೇವೆ’ ಎಂದೆ. ಅವರು ತಮ್ಮ ಪುಸ್ತಕ ತೆರೆದು, ‘ಇಲ್ಲ ಸಾರ್, ಆರೇ ಊರಿಗೆ ಹೋಗಿದ್ದೇವೆ’ ಎಂದರು. ಆ ಪುಸ್ತಕದಲ್ಲಿದ್ದದ್ದೇ ಸರಿಯಾದ ಎಣಿಕೆ.

ನೀವು ಕಳಿಸಿದ ಹಳ್ಳಿವಾರು ಪಟ್ಟಿಗೆ ಬರೋಣ. ನಲವತ್ತಕ್ಕೆ ಗುಳೆ ಹೋದ ಮನೆಗಳು ಮೇಲ್ಭಾಗದಲ್ಲಿ 6, 9, 11, 14, 22. ಕೊನೆ ಭಾಗದಲ್ಲಿ 10, 13, 17, 20, 24. ಈ ಹತ್ತು ಸಂಖ್ಯೆಗಳನ್ನು ನೋಡಿದ ಕೂಡಲೇ ನಿಮ್ಮ ಮುಖ್ಯಸ್ಥರ ಧ್ವನಿ ಸ್ವಲ್ಪ ತಗ್ಗಬೇಕು. ಮೇಲ್ಭಾಗದ ಒಂದು ಹಳ್ಳಿ ಕೊನೆ ಭಾಗದ ನಾಲ್ಕು ಹಳ್ಳಿಗಳಿಗಿಂತ ಮುಂದಿದೆ. ಕೊನೆ ಭಾಗದ ಒಂದು ಹಳ್ಳಿ ಮೇಲ್ಭಾಗದ ಮೂರಕ್ಕಿಂತ ಹಿಂದಿದೆ.

ಸೂತ್ರವೇ ಇಲ್ಲದೆ ಒಂದು ಪರೀಕ್ಷೆ ಮಾಡಿ. ಹತ್ತು ಚೀಟಿಗಳ ಮೇಲೆ ಈ ಹತ್ತು ಸಂಖ್ಯೆಗಳನ್ನು ಬರೆಯಿರಿ. ಯಾವುದು ಮೇಲ್ಭಾಗ, ಯಾವುದು ಕೊನೆ ಭಾಗ ಎಂಬುದನ್ನು ಮರೆತು, ಕಣ್ಣುಮುಚ್ಚಿ ಐದು ಚೀಟಿ ಎಡಕ್ಕೆ, ಐದು ಬಲಕ್ಕೆ ಇಡಿ. ಎರಡೂ ಕಡೆ ಕೂಡಿಸಿ ಅಂತರ ನೋಡಿ. ನಿಮ್ಮ ನಿಜವಾದ ಅಂತರ 84ರಲ್ಲಿ 62 ಕಳೆದರೆ 22. ಹತ್ತು ಚೀಟಿಗಳನ್ನು ಹೀಗೆ ಐದೈದಾಗಿ ಇಡಲು ಇರುವುದು 252 ದಾರಿ. ಒಂದು ಸಂಜೆ ಕುಳಿತು ಅಷ್ಟನ್ನೂ ಎಣಿಸಿದೆ: 70 ದಾರಿಗಳಲ್ಲಿ ಅಂತರ 22 ಅಥವಾ ಅದಕ್ಕಿಂತ ಹೆಚ್ಚು. ಅಂದರೆ ಕಾಲುವೆಯ ಹೆಸರೇ ಎತ್ತದೆ, ಬರೀ ಚೀಟಿ ಕಲಸಿದರೂ ನೂರಕ್ಕೆ ಸುಮಾರು 28 ಸಲ ಇಂಥ ಅಂತರ ಸಿಗುತ್ತದೆ. ಪಿ ಮೌಲ್ಯ 0.022 ಅಲ್ಲ, 0.28.

ಚೀಟಿಯಾಟದ ಮೇಲೆ ನಂಬಿಕೆ ಬಾರದಿದ್ದರೆ ಹಳ್ಳಿಯನ್ನೇ ಘಟಕವಾಗಿಟ್ಟು, ಎರಡು ಗುಂಪುಗಳ ಸರಾಸರಿ ಹೋಲಿಸುವ ಟಿ ಪರೀಕ್ಷೆ ಮಾಡಿ. ಡಬ್ಲಿನ್‌ನ ಒಂದು ಬಿಯರ್ ತಯಾರಿಕಾ ಸಂಸ್ಥೆಯಲ್ಲಿದ್ದ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಅದನ್ನು ಪ್ರಕಟಿಸಿದ್ದೇ ಇಂಥ ಬೆರಳೆಣಿಕೆಯ ಮಾಹಿತಿಗಾಗಿ. ಸರಾಸರಿ 12.4 ಮತ್ತು 16.8. ಅಂತರ 4.4, ಅದರ ಪ್ರಮಾಣಿತ ದೋಷ, ಅಂದರೆ ಆ ಅಂತರ ಆಕಸ್ಮಿಕವಾಗಿ ಎಷ್ಟು ಅತ್ತಿತ್ತ ಆಗಬಹುದೆಂಬ ಅಳತೆ, 3.69, ಭಾಗಿಸಿದರೆ 1.19. ಐದೈದು ಹಳ್ಳಿಗಳಿಗೆ ದಾಟಬೇಕಾದ ಗೆರೆ 2.31. ಶೇಕಡಾವಾರು ಲೆಕ್ಕದಲ್ಲಿ ಕೊನೆ ಭಾಗದ ಗುಳೆ 11 ಅಂಶ ಹೆಚ್ಚು ಕಂಡಿದೆ ನಿಜ, ಆದರೆ ನಿಜವಾದ ಅಂತರ ಎಲ್ಲಿಂದ ಎಲ್ಲಿಯವರೆಗೆ ಇರಬಹುದೆಂದು ಹೇಳುವ ಶೇ 95ರ ವಿಶ್ವಾಸದ ವ್ಯಾಪ್ತಿ 10 ಅಂಶ ಕಡಿಮೆಯಿಂದ 32 ಅಂಶ ಹೆಚ್ಚಿನವರೆಗೆ ಚಾಚುತ್ತದೆ. ಮನೆಗಳನ್ನು ಬಿಡಿಬಿಡಿಯಾಗಿ ಎಣಿಸಿದಾಗ ಅದೇ ವ್ಯಾಪ್ತಿ 1.6ರಿಂದ 20.4 ಎಂದು ಬರುತ್ತಿತ್ತು. ಸುಳ್ಳು ಧೈರ್ಯ ಎಂದರೆ ಇದು.

ಇದಕ್ಕೊಂದು ಅಳತೆಗೋಲಿದೆ, ವಿನ್ಯಾಸ ಪರಿಣಾಮ ಎನ್ನುತ್ತಾರೆ. ಒಂದು ಹಳ್ಳಿಯ ಮನೆಗಳು ಪರಸ್ಪರ ಎಷ್ಟು ಹೋಲುತ್ತವೆ ಎಂಬುದನ್ನು ಸೊನ್ನೆಯಿಂದ ಒಂದರವರೆಗಿನ ಒಂದು ಸಂಖ್ಯೆಯಲ್ಲಿ ಹೇಳಬಹುದು, ನಿಮ್ಮ ಪಟ್ಟಿಯಲ್ಲಿ ಅದು ಸುಮಾರು 0.07. ನೋಡಲು ಏನೂ ಅಲ್ಲ. ಆದರೆ ಅದನ್ನು ಹಳ್ಳಿಯೊಂದರ ಮನೆಗಳಲ್ಲಿ ಒಂದು ಕಳೆದು ಉಳಿದ 39ರಿಂದ ಗುಣಿಸಿ, ಒಂದನ್ನು ಕೂಡಿಸಿದರೆ 3.73. ನಿಮ್ಮ 400 ಮನೆಗಳನ್ನು ಇದರಿಂದ ಭಾಗಿಸಿ: 107. ಬಿಡಿಬಿಡಿಯಾಗಿ ಆರಿಸಿದ 107 ಮನೆಗಳು ಹೇಳುವಷ್ಟನ್ನೇ ನಿಮ್ಮ ನಾನೂರು ಮನೆಗಳು ಹೇಳುತ್ತಿವೆ.

ಸಮೀಕ್ಷೆಯ ಕೈ-ಸ್ಕ್ವೇರ್ ಅನ್ನು ಹೀಗೆ ತಿದ್ದುವ ಸರಿಯಾದ ವಿಧಾನಕ್ಕೆ ರಾವ್–ಸ್ಕಾಟ್ ತಿದ್ದುಪಡಿ ಎಂದು ಹೆಸರು. ಆರ್ ಎಂಬ ಉಚಿತ ತಂತ್ರಾಂಶದ ‘ಸರ್ವೇ’ ಪ್ಯಾಕೇಜಿನಲ್ಲಿ, ಹಳ್ಳಿ ಯಾವುದೆಂದು ಹೇಳಿಕೊಟ್ಟರೆ ಅದೇ ಮಾಡಿಕೊಡುತ್ತದೆ. ಆ ರಾವ್ ನಮ್ಮ ಹೂವಿನಹಡಗಲಿಯವರು ಎಂದು ಒಬ್ಬರು ಮೇಷ್ಟ್ರು ಹೆಮ್ಮೆಯಿಂದ ಹೇಳಿದ್ದನ್ನು ಕೇಳಿದ್ದೇನೆ. ಅಲ್ಲ, ಅವರು ಕೆನಡಾದಲ್ಲಿ ನೆಲೆಸಿದ ಜೆ.ಎನ್.ಕೆ. ರಾವ್. ಹಡಗಲಿ ಬಳ್ಳಾರಿ ಜಿಲ್ಲೆಗೆ ಸೇರಿದ್ದಾಗ, 1920ರಲ್ಲಿ, ಅಲ್ಲಿ ಹುಟ್ಟಿದವರು ಸಿ.ಆರ್. ರಾವ್. ಕೇಂಬ್ರಿಜ್‌ನಲ್ಲಿ ಅದೇ ಫಿಶರ್ ಅವರ ಶಿಷ್ಯರಾಗಿದ್ದರು. 1948ರಲ್ಲಿ ಅವರು ಕೊಟ್ಟ ಸ್ಕೋರ್ ಪರೀಕ್ಷೆ ಎಷ್ಟು ವಿಶಾಲವೆಂದರೆ ಪಿಯರ್ಸನ್‌ರ ಕೈ-ಸ್ಕ್ವೇರ್ ಅದರ ಒಂದು ವಿಶೇಷ ರೂಪವಾಗಿ ಒಳಗೆ ಕೂರುತ್ತದೆ. ಹಾಗಾಗಿ ಮೇಷ್ಟ್ರ ಹೆಮ್ಮೆ ಪೂರ್ತಿ ವ್ಯರ್ಥವೇನಲ್ಲ. ಆದರೆ ಹತ್ತೇ ಹಳ್ಳಿಗಳಿರುವಾಗ ಯಾವ ರಾವ್ ಅವರ ಸೂತ್ರಕ್ಕಿಂತಲೂ ಹಳ್ಳಿ ಮಟ್ಟದ ಸರಳ ಲೆಕ್ಕವನ್ನೇ ನಾನು ಹೆಚ್ಚು ನಂಬುತ್ತೇನೆ.

ಈಗ ಆ 22ರ ಹಳ್ಳಿ. ಪಟ್ಟಿಯಲ್ಲಿ ಅದರ ಮುಂದೆ ನಿಮ್ಮವರೇ ‘ತಾಂಡಾ ಸೇರಿದೆ’ ಎಂದು ಬರೆದಿದ್ದಾರೆ. ತಾಂಡಾದ ಕುಟುಂಬಗಳಿಗೆ ಕಾಲುವೆ ಪಕ್ಕದಲ್ಲೇ ಹರಿದರೂ ಅದರ ಕೆಳಗೆ ಹೊಲವಿಲ್ಲದಿದ್ದರೆ ನೀರಿನಿಂದ ಏನು ಪ್ರಯೋಜನ? ಈ ಹಳ್ಳಿಯನ್ನು ಕೈಬಿಟ್ಟರೆ ಮೇಲ್ಭಾಗದ ಗುಳೆ ಶೇ 25ಕ್ಕೆ ಇಳಿಯುತ್ತದೆ, ಅಂತರ 17 ಅಂಶಕ್ಕೆ ಏರುತ್ತದೆ, ಯಾರಿಗಾದರೂ ಆಸೆ ಹುಟ್ಟುತ್ತದೆ. ಕೈಬಿಡಬೇಡಿ. ಫಲಿತಾಂಶ ನೋಡಿದ ಮೇಲೆ ಸಾಲು ಅಳಿಸುವುದು ತಕ್ಕಡಿಯ ಕೆಳಗೆ ಬೆರಳಿಟ್ಟಂತೆ. ಬದಲಿಗೆ ಈ ಹಳ್ಳಿ ಏನೋ ಹೇಳುತ್ತಿದೆ, ಕೇಳಿಸಿಕೊಳ್ಳಿ: ಗುಳೆಯನ್ನು ನಿರ್ಧರಿಸುವುದರಲ್ಲಿ ಕಾಲುವೆಯ ತಲೆ-ಬಾಲಕ್ಕಿಂತ ಜಮೀನು ಇದೆಯೋ ಇಲ್ಲವೋ ಎಂಬುದೇ ದೊಡ್ಡದಿರಬಹುದು. ಜಮೀನಿನ ಪ್ರಶ್ನೆ ನಿಮ್ಮ ಪ್ರಶ್ನಾವಳಿಯಲ್ಲಿದೆ. ಭೂಮಿ ಇರುವ ಮನೆಗಳನ್ನು ಭೂಮಿ ಇರುವ ಮನೆಗಳ ಜೊತೆ, ಇಲ್ಲದವರನ್ನು ಇಲ್ಲದವರ ಜೊತೆ ಇಟ್ಟು ಒಮ್ಮೆ ನೋಡಿ.

ಯಾವ ಪರೀಕ್ಷೆಯ ಕಣ್ಣಿಗೂ ಬೀಳದ ಇನ್ನೊಂದು ಸಂಗತಿ ನಿಮ್ಮ ಷರಾ ಕಾಲಂನಲ್ಲಿದೆ. 31 ಕಡೆ ‘ಬೀಗ, ಪಕ್ಕದ ಮನೆ ತೆಗೆದುಕೊಂಡಿದೆ’ ಎಂದು ಬರೆದಿದ್ದೀರಿ. ಗುಳೆಯ ಸಮೀಕ್ಷೆಯಲ್ಲಿ ಬೀಗ ಹಾಕಿದ ಮನೆ ಎಂದರೆ ಏನು? ಮನೆಮಂದಿಯೆಲ್ಲ ಗುಳೆ ಹೋದವರ ಬಾಗಿಲಿಗೇ ಬೀಗ ಬಿದ್ದಿರುವುದು! ಯಾರನ್ನು ಎಣಿಸಲು ಹೊರಟಿರೋ ಅವರನ್ನೇ ಬಿಟ್ಟು, ಊರಲ್ಲಿ ಉಳಿದವರನ್ನು ಕೇಳಿ ಬಂದಿದ್ದೀರಿ. ಎಲ್ಲ ಬೀಗವೂ ಗುಳೆಯಲ್ಲ, ಕೆಲವರು ಹೊಲದಲ್ಲಿರುತ್ತಾರೆ, ಕೆಲವರು ಮದುವೆಗೆ ಹೋಗಿರುತ್ತಾರೆ. ಆದರೂ ಬೀಗಗಳು ಎಲ್ಲಿವೆ ನೋಡಿ: ಮೇಲ್ಭಾಗದಲ್ಲಿ 9, ಕೊನೆ ಭಾಗದಲ್ಲಿ 22. ಅಷ್ಟೂ ಮನೆಯವರು ಗುಳೆ ಹೋಗಿದ್ದರು ಎಂದಿಟ್ಟು, ಅವರನ್ನೂ ಸೇರಿಸಿದರೆ ಪ್ರಮಾಣ ಶೇ 34 ಮತ್ತು ಶೇ 48 ಆಗುತ್ತದೆ. ಅಂತರ 11ರಿಂದ 14ರ ಹತ್ತಿರ ಹೋಗುತ್ತದೆ. ಮುಖ್ಯಸ್ಥರ ವಾಕ್ಯ ತಪ್ಪು ಎಂದೆನೇ ಹೊರತು, ಕೊನೆ ಭಾಗದಲ್ಲಿ ಗುಳೆ ಹೆಚ್ಚಿಲ್ಲ ಎಂದು ನಾನು ಹೇಳಲಿಲ್ಲ. ಪಿ ಮೌಲ್ಯ 0.28 ಬಂದರೆ ‘ವ್ಯತ್ಯಾಸವಿಲ್ಲ’ ಎಂದು ಬರೆಯುವುದು ಇನ್ನೊಂದು ತಪ್ಪು. ಇನ್ನೂರು ಕಿಲೋಮೀಟರ್‌ಗೂ ಮೀರಿದ ಕಾಲುವೆಯ ತುದಿಯಲ್ಲಿ ನೀರಿಗಾಗಿ ಕಾದು ಕುಳಿತವರಿಗೆ ಹಾಗೆ ಹೇಳಿದರೆ ನಗುತ್ತಾರೆ, ನಕ್ಕರೆ ತಪ್ಪೂ ಇಲ್ಲ. ನಿಮ್ಮ ಹತ್ತು ಹಳ್ಳಿಗಳಿಂದ ತೀರ್ಮಾನಿಸಲಾಗದು, ಅಷ್ಟೇ.

24 ಪ್ರಶ್ನೆಗಳ ವಿಷಯ ಬೇಗ ಮುಗಿಸುತ್ತೇನೆ. ಯಾವ ಪ್ರಶ್ನೆಯಲ್ಲೂ ನಿಜವಾದ ಅಂತರವಿಲ್ಲದಿದ್ದರೂ, ಇಪ್ಪತ್ತಕ್ಕೆ ಒಂದರಂತೆ 24ರಲ್ಲಿ ಒಂದೋ ಎರಡೋ ‘ಗಣನೀಯ’ ಎಂದು ಬರುವುದು ಸಹಜ. ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ ಎಂದಿಟ್ಟುಕೊಂಡರೆ ಕನಿಷ್ಠ ಒಂದಾದರೂ ಬರುವ ಸಂಭವ ಶೇ 71, ಮೂರು ಅಥವಾ ಹೆಚ್ಚು ಬರುವ ಸಂಭವ ಸುಮಾರು ಶೇ 12. ಬಾನ್‌ಫೆರೊನಿ ಅವರ ಕಟ್ಟುನಿಟ್ಟಿನ ದಾರಿ ಹಿಡಿದರೆ 0.05 ಅನ್ನು 24ರಿಂದ ಭಾಗಿಸಿ 0.002ರ ಗೆರೆ ಎಳೆಯಬೇಕು. ನಿಮ್ಮ 0.022 ಆಗಲೇ ಹೊರಗುಳಿಯುತ್ತದೆ. ನನಗೆ ಆ ಕಟ್ಟುನಿಟ್ಟಿಗಿಂತ ಮುಖ್ಯವಾದದ್ದು ಬೇರೆ: 24ನ್ನೂ ವರದಿಯ ಕೋಷ್ಟಕದಲ್ಲಿ ತೋರಿಸಿ. ಗೆದ್ದ ಮೂರನ್ನು ಮಾತ್ರ ಮೆರವಣಿಗೆ ಮಾಡಿಸಿ ಸೋತ 21ನ್ನು ಕಪಾಟಿನಲ್ಲಿಡುವುದೇ ಈ ಕ್ಷೇತ್ರದ ದೊಡ್ಡ ರೋಗ.

ವರದಿಯಲ್ಲಿ ಹೀಗೆ ಬರೆಯಬಹುದು: ‘ಕೊನೆ ಭಾಗದ ಐದು ಹಳ್ಳಿಗಳ ಶೇ 42, ಮೇಲ್ಭಾಗದ ಐದು ಹಳ್ಳಿಗಳ ಶೇ 31 ಮನೆಗಳಿಂದ ಗುಳೆ ಹೋಗಿದ್ದು ಕಂಡುಬಂತು. ಒಂದೇ ಭಾಗದೊಳಗೂ ಹಳ್ಳಿಯಿಂದ ಹಳ್ಳಿಗೆ ಬಹಳ ಏರುಪೇರಿದೆ, ಮೇಲ್ಭಾಗದಲ್ಲಿ 40ಕ್ಕೆ 6ರಿಂದ 22, ಕೊನೆ ಭಾಗದಲ್ಲಿ 10ರಿಂದ 24. ಆದ್ದರಿಂದ ಈ ಅಂತರವನ್ನು ಇಡೀ ಕಾಲುವೆಗೆ ಅನ್ವಯಿಸಲು ಹತ್ತು ಹಳ್ಳಿಗಳ ಆಧಾರ ಸಾಲದು. ಸಮೀಕ್ಷೆಯ ವೇಳೆ 31 ಮನೆಗಳು ಬೀಗ ಹಾಕಿದ್ದವು, ಅವುಗಳಲ್ಲಿ 22 ಕೊನೆ ಭಾಗದವು.’ ಹಳ್ಳಿಗಳನ್ನು ಹೇಗೆ ಆರಿಸಿದಿರಿ ಎಂಬುದನ್ನೂ ಸೇರಿಸಿ. ಗುರುತಿನವರಿದ್ದಾರೆ, ಊಟದ ವ್ಯವಸ್ಥೆಯಾಗುತ್ತದೆ ಎಂದು ಆರಿಸಿದ್ದರೆ ಪಿ ಮೌಲ್ಯವನ್ನು ಪೂರ್ತಿ ಬಿಟ್ಟುಬಿಡುವುದು ಮರ್ಯಾದೆ.

ಮುಂದಿನ ಸಲ ಅದೇ 400 ಮನೆಗಳನ್ನೇ ಮಾಡಿ, ಹಂಚಿಕೆ ಬದಲಿಸಿ. ಇಪ್ಪತ್ತು ಹಳ್ಳಿಗಳಲ್ಲಿ ಇಪ್ಪತ್ತಿಪ್ಪತ್ತು ಮನೆಯಾದರೆ, ಅದೇ 0.07 ಇಟ್ಟುಕೊಂಡರೂ 107ರ ಬದಲು 172 ಮನೆಗಳ ಬಲ ಸಿಗುತ್ತದೆ. ನಲವತ್ತು ಹಳ್ಳಿಗಳಲ್ಲಿ ಹತ್ತತ್ತು ಮನೆಯಾದರೆ 245. ಪೆಟ್ರೋಲ್ ಖರ್ಚು ಹೆಚ್ಚುತ್ತದೆ ಎಂದು ಮುಖ್ಯಸ್ಥರು ಗೊಣಗುತ್ತಾರೆ. ಇಪ್ಪತ್ತು ಹಳ್ಳಿಗೆ ಒಪ್ಪಿಸಿದರೂ ಸಾಕು. ಜೊತೆಗೆ ‘ಕಳೆದ ವರ್ಷ’ ಎಂದು ಕೇಳಬೇಡಿ, ಒಬ್ಬರಿಗೆ ಅದು ಯುಗಾದಿಯಿಂದ, ಇನ್ನೊಬ್ಬರಿಗೆ ಜನವರಿಯಿಂದ ಶುರುವಾಗುತ್ತದೆ. ‘ಹಿಂದಿನ ಯುಗಾದಿಯಿಂದ ಈ ಯುಗಾದಿಯವರೆಗೆ, ಒಂದು ತಿಂಗಳಿಗಿಂತ ಹೆಚ್ಚು’ ಎಂದು ಕೇಳಿ.

ಸದ್ಯಕ್ಕೆ ವರದಿಯನ್ನು ಒಂದಷ್ಟು ದಿನ ತಡೆಹಿಡಿಯಲು ಸಾಧ್ಯವೇ ನೋಡಿ. ಬೀಗದ ಆ 31 ಮನೆಗಳ ಪಟ್ಟಿ ನಿಮ್ಮ ಕೈಯಲ್ಲಿದೆ. ಗುಳೆ ಹೋದವರಲ್ಲಿ ಬಹಳ ಮಂದಿ ಮುಂಗಾರಿನ ಬಿತ್ತನೆ ಹೊತ್ತಿಗೆ ಊರಿಗೆ ಮರಳುತ್ತಾರೆ. ಆಗ ಅದೇ ಬಾಗಿಲುಗಳನ್ನು ತಟ್ಟಿ, ಬೆಳಗ್ಗೆ ಹೊಲಕ್ಕೆ ಹೊರಡುವ ಮುನ್ನ ಅಥವಾ ಕತ್ತಲಾದ ಮೇಲೆ.